ಹೆಬ್ಬೆರಳಿನಡಿಯ ಸ್ವಿಚ್ಚು: ಬೈಕಿನ ಹೆಚ್ಚುವರಿ ದೀಪಗಳ ಬಗ್ಗೆ ಒಂದು ವಿಮರ್ಶೆ

ರಾತ್ರಿ ಹೆದ್ದಾರಿಯಲ್ಲಿ ಎದುರಿನಿಂದ ಬರುವ ಬೈಕೊಂದರ ಮೂರು ದೀಪಗಳು ಒಮ್ಮೆಲೇ ಕಣ್ಣಿಗೆ ರಾಚಿದ ಅನುಭವ ನಿಮಗೂ ಆಗಿರಬಹುದು. ಸವಾರ ಡಿಮ್ ಮಾಡುತ್ತಾನೆ. ಆದರೆ ತಗ್ಗುವುದು ನಡುವಿನ ಹೆಡ್‌ಲೈಟ್ ಮಾತ್ರ. ಅಕ್ಕಪಕ್ಕದಲ್ಲಿ ಹೆಚ್ಚುವರಿಯಾಗಿ ಕೂರಿಸಿದ ಎರಡು ದೀಪಗಳು ಹಾಗೆಯೇ ಉರಿಯುತ್ತಿರುತ್ತವೆ. ನಾವು ಕಣ್ಣು ಕಿರಿದಾಗಿಸಿ, ರಸ್ತೆಯ ಅಂಚನ್ನು ಅಂದಾಜಿನಲ್ಲಿ ಹಿಡಿದು, ಮನಸ್ಸಿನಲ್ಲೇ ಆತನನ್ನು ಬೈದುಕೊಂಡು ಮುಂದೆ ಸಾಗುತ್ತೇವೆ. ಬೈಯುವ ಮುನ್ನ ಆತನ ಹ್ಯಾಂಡಲ್ ಮೇಲಿನ ಪುಟ್ಟ ಸ್ವಿಚ್ಚನ್ನೊಮ್ಮೆ ನೋಡುವುದು ಒಳ್ಳೆಯದು. ಅನೇಕ ಸಲ ತಪ್ಪು ಸವಾರನ ಸ್ವಭಾವದಲ್ಲಿ ಇರುವುದಿಲ್ಲ; ಸ್ವಿಚ್ಚಿನ ಆಯ್ಕೆಯಲ್ಲಿ ಮತ್ತು ಜೋಡಣೆಯಲ್ಲಿ ಇರುತ್ತದೆ.

ಶಾಲೆಯಲ್ಲಿ ನಾವು ಬರೆಯುವ ವಿದ್ಯುನ್ಮಂಡಲದ ಚಿತ್ರವನ್ನು ನೆನಪಿಸಿಕೊಳ್ಳಿ. ಒಂದು ಕೋಶ, ಒಂದು ಬಲ್ಬು, ನಡುವೆ ಗೆರೆಯಲ್ಲೊಂದು ಬಿಡುವು. ಆ ಬಿಡುವೇ ಸ್ವಿಚ್ಚು. ಚಿತ್ರ ತಪ್ಪಲ್ಲ, ಆದರೆ ಅಪೂರ್ಣ. ಅದರ ಸ್ವಿಚ್ಚಿಗೆ ರೋಧವಿಲ್ಲ, ಬಿಸಿಯಿಲ್ಲ, ಅದರ ಮೇಲೆ ಮಳೆ ಬೀಳುವುದಿಲ್ಲ, ಅದನ್ನು ಹುಡುಕಬೇಕಾದ ಬೆರಳೂ ಇಲ್ಲ. ಅಂಗಡಿಗಳಲ್ಲಿ ದೀಪಗಳ ಜೊತೆಗೆ ಸಿಗುವ ಬಹುಪಾಲು ಸ್ವಿಚ್ಚುಗಳು ಈ ಚಿತ್ರವನ್ನೇ ಪೂರ್ಣಸತ್ಯವೆಂದು ನಂಬಿ ತಯಾರಾದಂತೆ ಕಾಣುತ್ತವೆ.

ಪೊಟ್ಟಣದೊಳಗಿನ ಸ್ವಿಚ್ಚು

ಸಾಮಾನ್ಯವಾಗಿ ಸಿಗುವುದು ಇಂಥದ್ದು: 22 ಮಿಲಿಮೀಟರ್ ವ್ಯಾಸದ ಹ್ಯಾಂಡಲ್‌ಗೆ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೊಂದು ಒತ್ತುಗುಂಡಿ, ಗುಂಡಿಯ ಸುತ್ತ ಕೆಂಪು ಅಥವಾ ನೀಲಿಯಾಗಿ ಹೊಳೆಯುವ ಬಳೆ, ಕೆಳಗೆ ಜೋತಾಡುವ ತೆಳು ವೈರುಗಳು. ಕೆಲವದರ ಮೇಲೆ ಹತ್ತು ಆಂಪಿಯರ್ ಎಂದು, ಕೆಲವದರ ಮೇಲೆ ಮನೆಯ ಸ್ವಿಚ್ಚಿನಂತೆ 250 ವೋಲ್ಟ್ ಎಸಿ ಎಂದು ಅಚ್ಚಾಗಿರುತ್ತದೆ. ನೋಡಲು ಅಂದವಾಗಿದೆ, ಅಗ್ಗವಾಗಿದೆ, ಕೂರಿಸಲು ಐದು ನಿಮಿಷ ಸಾಕು. ಈ ಮೂರು ಗುಣಗಳನ್ನು ಒಪ್ಪಿಕೊಂಡೇ ಉಳಿದ ಪ್ರಶ್ನೆಗಳನ್ನು ಕೇಳೋಣ.

ವಿನ್ಯಾಸಕಾರರು ಕೇಳಬೇಕಾದ ಮೊದಲ ಪ್ರಶ್ನೆ: ಇಲ್ಲಿ ಸ್ವಿಚ್ಚು ಬೇಕೇ? ನಮ್ಮ ದೇಶದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಚಾಲೂ ಆದೊಡನೆ ತಾನಾಗಿ ಉರಿಯಬೇಕೆಂಬ ನಿಯಮ ಬಂತು. ಹೆಡ್‌ಲೈಟನ್ನು ಆರಿಸುವ ಸ್ವಿಚ್ಚು ಹ್ಯಾಂಡಲ್‌ನಿಂದ ಮಾಯವಾಯಿತು. ಮರೆತುಹೋಗುವ ಒಂದು ಕೆಲಸ ಸವಾರನ ತಲೆಯಿಂದ ಇಳಿಯಿತು. ಹೆಚ್ಚುವರಿ ದೀಪ ಕೂರಿಸುವಾಗ ನಾವು ಮಾಡುವುದು ಇದಕ್ಕೆ ವಿರುದ್ಧ: ನೆನಪಿಡಬೇಕಾದ ಹೊಸದೊಂದು ಕೆಲಸವನ್ನು ಹೇರುತ್ತೇವೆ. ಹೇರಲೇಬೇಕಾದರೆ ಅದು ಹಗುರವಾಗಿರಬೇಕು.

ಪ್ರವಾಹದ ಲೆಕ್ಕ

ತಲಾ 55 ವ್ಯಾಟಿನ ಎರಡು ಹ್ಯಾಲೊಜನ್ ದೀಪಗಳನ್ನು ತೆಗೆದುಕೊಳ್ಳಿ. ಒಟ್ಟು 110 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 9.2 ಆಂಪಿಯರ್. ಹತ್ತು ಆಂಪಿಯರಿನ ಸ್ವಿಚ್ಚು ಸಾಕೆಂದು ತೋರುತ್ತದೆ. ಆದರೆ ತಣ್ಣಗಿರುವ ತಂತುವಿನ ರೋಧ, ಉರಿಯುವ ತಂತುವಿನ ರೋಧದ ಹತ್ತನೇ ಒಂದು ಭಾಗದಷ್ಟೇ. ಹೀಗಾಗಿ ಗುಂಡಿ ಒತ್ತಿದ ಕ್ಷಣದಲ್ಲಿ, ಕೆಲವೇ ಮಿಲಿಸೆಕೆಂಡುಗಳ ಕಾಲ, ಪ್ರವಾಹ ಹಲವು ಪಟ್ಟು ಏರುತ್ತದೆ. ಸ್ವಿಚ್ಚಿನ ಲೋಹದ ತುದಿಗಳು ಒಂದನ್ನೊಂದು ಮುಟ್ಟಿ ಸ್ವಲ್ಪ ಪುಟಿದು ಮತ್ತೆ ಮುಟ್ಟುವ ಹೊತ್ತೂ ಅದೇ. ಆಗ ಅವುಗಳ ಮೇಲ್ಮೈ ಅಲ್ಲಲ್ಲಿ ಕರಗಿ ಒರಟಾಗುತ್ತದೆ. ಎಲ್‌ಇಡಿ ದೀಪಗಳ ಪ್ರವಾಹ ಕಡಿಮೆ. ತಲಾ 20 ವ್ಯಾಟಿನ ಜೋಡಿಗೆ ಸುಮಾರು 3.3 ಆಂಪಿಯರ್. ಆದರೂ ಅವುಗಳ ಒಳಗಿನ ಧಾರಕಗಳು ತುಂಬಿಕೊಳ್ಳುವಾಗ ಅಲ್ಲಿಯೂ ಒಂದು ಕ್ಷಣದ ನೂಕು ಇದ್ದೇ ಇರುತ್ತದೆ.

ಒರಟಾದ, ಧೂಳು ತೇವ ಸೇರಿದ ತುದಿಗಳ ನಡುವಿನ ರೋಧ 0.1 ಓಮ್‌ಗೆ ಏರಿತೆನ್ನಿ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿ: ಹೆಬ್ಬೆರಳ ಗಾತ್ರದ ಪ್ಲಾಸ್ಟಿಕ್ ಡಬ್ಬಿಯೊಳಗೆ ಏಳೆಂಟು ವ್ಯಾಟ್ ಶಾಖ! ಸ್ವಿಚ್ಚು ಬಿಸಿಯಾದಂತೆ ಅದರ ಸ್ಪ್ರಿಂಗ್ ಸಡಿಲವಾಗುತ್ತದೆ. ಸಡಿಲವಾದಂತೆ ರೋಧ ಇನ್ನಷ್ಟು ಏರುತ್ತದೆ. ಪ್ಲಾಸ್ಟಿಕ್ ಕರಗಿದ ಸ್ವಿಚ್ಚುಗಳ ಕಥೆ ಇಷ್ಟೇ.

ವೈರಿನದೂ ಒಂದು ಪಾಲಿದೆ. 0.5 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ವೈರಿಗೆ ಮೀಟರೊಂದಕ್ಕೆ ಸುಮಾರು 0.034 ಓಮ್ ರೋಧ. ಹ್ಯಾಂಡಲ್‌ವರೆಗೆ ಹೋಗಿ ಮರಳುವ ಎರಡು ಮೀಟರಿನಲ್ಲಿ 9.2 ಆಂಪಿಯರ್ ಹರಿದರೆ 0.6 ವೋಲ್ಟ್ ನಷ್ಟ. ಅಂದರೆ 12 ವೋಲ್ಟಿನಲ್ಲಿ ಶೇಕಡಾ 5. ಹ್ಯಾಲೊಜನ್ ದೀಪದ ಬೆಳಕು ವಿಭವಾಂತರದ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಬದಲಾಗುವುದರಿಂದ, ಬೆಳಕಿನಲ್ಲಿ ಶೇಕಡಾ 16ರಷ್ಟು ಖೋತಾ. ಹೆಚ್ಚು ಬೆಳಕಿಗಾಗಿ ದುಡ್ಡು ಕೊಟ್ಟು, ಅದರಲ್ಲಿ ಆರನೇ ಒಂದು ಭಾಗವನ್ನು ತೆಳು ವೈರಿಗೆ ದಾನ ಮಾಡಿದಂತಾಯಿತು.

ಒಂದು ಅರ್ಧಸತ್ಯ

‘ಬೈಕಿನದು ಡಿಸಿ, ಅದಕ್ಕೇ ಸ್ವಿಚ್ಚು ಸುಡುತ್ತದೆ’ ಎಂಬ ವಿವರಣೆಯನ್ನು ನೀವು ಕೇಳಿರಬಹುದು. ಇದರಲ್ಲಿ ಸ್ವಲ್ಪ ನಿಜವಿದೆ. ಮನೆಯ 50 ಹರ್ಟ್ಸ್ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 100 ಸಲ ಸೊನ್ನೆಯನ್ನು ಹಾಯುತ್ತದೆ. ತುದಿಗಳು ಬೇರ್ಪಡುವಾಗ ಹುಟ್ಟುವ ಕಿಡಿ ಅಲ್ಲಿಯೇ ಆರುತ್ತದೆ. ನೇರ ವಿದ್ಯುತ್ತಿಗೆ ಆ ಬಿಡುವಿಲ್ಲ. ಆದ್ದರಿಂದ ಎಸಿ ಎಂದು ನಮೂದಾದ ಸಾಮರ್ಥ್ಯವನ್ನು ಡಿಸಿಗೆ ಹಾಗೆಯೇ ಅನ್ವಯಿಸಬಾರದು. ಆದರೆ ಕಿಡಿ ನಿಲ್ಲಬೇಕಾದರೂ ಒಂದು ಕನಿಷ್ಠ ವಿಭವಾಂತರ ಬೇಕು. ಬೆಳ್ಳಿಯ ತುದಿಗಳಿಗೆ ಅದು ಸುಮಾರು 12 ವೋಲ್ಟ್. ಬೈಕಿನ 12ರಿಂದ 14 ವೋಲ್ಟ್ ಈ ಗಡಿಯಲ್ಲೇ ಇರುವುದರಿಂದ ಕಿಡಿ ಹುಟ್ಟಿದರೂ ಬೇಗ ಸಾಯುತ್ತದೆ. ಇಲ್ಲಿಯ ಮುಖ್ಯ ಶತ್ರುಗಳು ಆರಂಭದ ನೂಕು, ತುದಿಗಳ ರೋಧ ಮತ್ತು ನೀರು.

ಕಾರಣವನ್ನು ತಪ್ಪಾಗಿ ಹೇಳಿದರೆ ಪರಿಹಾರವೂ ತಪ್ಪುತ್ತದೆ. ಡಿಸಿಯನ್ನು ದೂರಿದವರು ಇನ್ನೂ ದೊಡ್ಡ, 20 ಆಂಪಿಯರಿನ ಸ್ವಿಚ್ಚನ್ನು ಕೊಳ್ಳುತ್ತಾರೆ. ಪ್ರವಾಹ ಮಾತ್ರ ಅದೇ ತೆಳು ವೈರಿನಲ್ಲಿ ಹ್ಯಾಂಡಲ್‌ವರೆಗೆ ಸುತ್ತಿ ಬರುತ್ತಲೇ ಇರುತ್ತದೆ.

ರಿಲೇ: ದುಡಿಮೆ ಬೇರೆಯವರಿಗೆ

ಸರಿಯಾದ ದಾರಿ ಸ್ವಿಚ್ಚನ್ನು ದೊಡ್ಡದು ಮಾಡುವುದಲ್ಲ, ಅದರ ಕೆಲಸವನ್ನು ಚಿಕ್ಕದು ಮಾಡುವುದು. ವಾಹನಗಳಲ್ಲಿ ಬಳಸುವ ರಿಲೇಯ ಕಾಲುಗಳಿಗೆ 30, 87, 85, 86 ಎಂಬ ಅಂಕೆಗಳಿರುತ್ತವೆ. ಬ್ಯಾಟರಿಯಿಂದ ಫ್ಯೂಸ್ ಮೂಲಕ 30ಕ್ಕೆ, 87ರಿಂದ ದೀಪಗಳಿಗೆ ದಪ್ಪ ವೈರು. 85 ಮತ್ತು 86ರ ನಡುವೆ ವಿದ್ಯುತ್ಕಾಂತದ ಸುರುಳಿ. ಈ ಸುರುಳಿಗೆ ಸುಮಾರು 0.15 ಆಂಪಿಯರ್ ಸಾಕು. ಹ್ಯಾಂಡಲ್ ಮೇಲಿನ ಸ್ವಿಚ್ಚು ನಿಯಂತ್ರಿಸುವುದು ಇದನ್ನು ಮಾತ್ರ. ಅದೇ 0.1 ಓಮ್ ರೋಧದಲ್ಲಿ ಈಗ ಹುಟ್ಟುವ ಶಾಖ ವ್ಯಾಟಿನ ಸಾವಿರದ ಎರಡು ಭಾಗದಷ್ಟು!

ರಿಲೇಗೂ ತನ್ನದೇ ದೋಷಗಳಿವೆ. ಸುರುಳಿಯ ಪ್ರವಾಹ ಕಡಿದಾಗ ಪ್ರೇರಿತ ವಿಭವಾಂತರ ಕ್ಷಣಮಾತ್ರ ಬಹಳ ಏರಿ ಸ್ವಿಚ್ಚಿನ ತುದಿಯಲ್ಲಿ ಕಿಡಿ ಹಾರಿಸುತ್ತದೆ. ಅದಕ್ಕಾಗಿ ಸುರುಳಿಗೆ ಅಡ್ಡಲಾಗಿ ಡಯೋಡ್ ಅಥವಾ ರೋಧಕ ಇರುವ ರಿಲೇಯನ್ನೇ ಆರಿಸಿ. ಡಯೋಡ್ ಇದ್ದರೆ 85 ಮತ್ತು 86ನ್ನು ಅದಲು ಬದಲು ಮಾಡುವಂತಿಲ್ಲ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಅದು ಕಾಯುವುದು ದೀಪವನ್ನಲ್ಲ, ವೈರನ್ನು. ಸುರುಳಿಯ ವಿದ್ಯುತ್ತು ಇಗ್ನಿಷನ್ ಕೀ ದಾಟಿ ಬರುವಂತಿರಲಿ. ಇಲ್ಲವಾದರೆ ಮರೆತು ಉರಿಯಬಿಟ್ಟ ಹ್ಯಾಲೊಜನ್ ಜೋಡಿ 5 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಅರ್ಧ ಗಂಟೆಯಲ್ಲಿ ಬರಿದು ಮಾಡಬಲ್ಲದು. ತಲಾ ಹತ್ತು ವ್ಯಾಟಿನ ಎಲ್‌ಇಡಿ ಜೋಡಿಗೆ ರಿಲೇ ಕಡ್ಡಾಯವಲ್ಲ. ಒಳ್ಳೆಯ ಸ್ವಿಚ್ಚೇ ಸಾಕು. ಆದರೆ ಮುಂದೆ ಹೇಳುವ ಕಾರಣಕ್ಕೆ ಅಲ್ಲಿಯೂ ಅದು ಉಪಯೋಗಕ್ಕೆ ಬರುತ್ತದೆ.

ಬೆರಳು ಮತ್ತು ಕಣ್ಣು

ಬಲಗೈಯಲ್ಲಿ ಆಕ್ಸಿಲರೇಟರ್ ಮತ್ತು ಮುಂದಿನ ಬ್ರೇಕ್ ಇರುವುದರಿಂದ ಸ್ವಿಚ್ಚು ಎಡಗೈಯ ಹತ್ತಿರ ಇರಬೇಕು. ಹಿಡಿ ಬಿಡದೆ ಹೆಬ್ಬೆರಳು ಎಟುಕಬೇಕು. ಹಾರ್ನ್, ಇಂಡಿಕೇಟರ್‌ಗಳ ನಡುವೆ ಅದನ್ನು ಸ್ಪರ್ಶದಿಂದಲೇ ಗುರುತಿಸುವಂತಿರಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ಎರಡು ಬೈಕುಗಳು ಎದುರು ಬದುರಾದಾಗ ನಡುವಿನ ಅಂತರ ಸೆಕೆಂಡಿಗೆ 33 ಮೀಟರಿನಂತೆ ಕರಗುತ್ತದೆ. ಬೆರಳು ಗುಂಡಿಯನ್ನು ಹುಡುಕಲು ಒಂದೂವರೆ ಸೆಕೆಂಡ್ ತೆಗೆದುಕೊಂಡರೆ 50 ಮೀಟರ್ ಕಳೆದೇಹೋಯಿತು.

ಒತ್ತುಗುಂಡಿಯ ದೊಡ್ಡ ದೋಷವೂ ಇಲ್ಲಿಯೇ. ಒಮ್ಮೆ ಒತ್ತಿದರೆ ಉರಿಯುತ್ತದೆ, ಮತ್ತೆ ಒತ್ತಿದರೆ ಆರುತ್ತದೆ. ಈಗ ಯಾವ ಸ್ಥಿತಿಯಲ್ಲಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ. ಆಚೀಚೆ ಸರಿಯುವ ಅಥವಾ ಮಗ್ಗುಲಾಗುವ ಸ್ವಿಚ್ಚು ತನ್ನ ಸ್ಥಿತಿಯನ್ನು ಮುಟ್ಟಿದರೆ ಸಾಕು, ಹೇಳುತ್ತದೆ. ಮಳೆಗಾಲದ ಕೈಗವಸಿನೊಳಗಿನ ಬೆರಳಿಗೂ ಅದು ಅರ್ಥವಾಗುತ್ತದೆ.

ಗುಂಡಿಯ ಕೊರತೆಯನ್ನು ತುಂಬಲೆಂದೇ ಹೊಳೆಯುವ ಬಳೆ ಇದೆ ಎನ್ನಬಹುದು. ಆದರೆ ವಾಹನಗಳಲ್ಲಿ ಕೆಂಪು ಸೂಚಕ ಅಪಾಯಕ್ಕೆ, ನೀಲಿ ಸೂಚಕ ಹೈಬೀಮ್‌ಗೆ ಮೀಸಲು. ಜೊತೆಗೆ, ಕತ್ತಲೆಗೆ ಹೊಂದಿಕೊಂಡ ನಮ್ಮ ಕಣ್ಣಿನ ದಂಡಕೋಶಗಳು ನೀಲಿ-ಹಸಿರು ಬೆಳಕಿಗೆ ಹೆಚ್ಚು ಸೂಕ್ಷ್ಮ. ಪ್ರಖರವಾದ ನೀಲಿ ಬಳೆ ಆ ಹೊಂದಾಣಿಕೆಯನ್ನೇ ಕೆಡಿಸುತ್ತದೆ. ಚಿಕ್ಕದಾದ, ಮಂದವಾದ ಹಸಿರು ಚುಕ್ಕೆ ಸಾಕು.

ಕೂರಿಸುವಾಗ

ಹ್ಯಾಂಡಲ್‌ಗೆ ತೂತು ಕೊರೆಯಬೇಡಿ. ಅದು ಟೊಳ್ಳು ಕೊಳವೆ, ತೂತಿನ ಅಂಚಿನಲ್ಲಿ ಒತ್ತಡ ಕೇಂದ್ರೀಕರಿಸುತ್ತದೆ. ಪಟ್ಟಿಯ ಅಡಿಗೆ ತೆಳು ರಬ್ಬರ್ ಇಟ್ಟರೆ ಸ್ವಿಚ್ಚು ಜಾರದು, ಕಂಪನವೂ ತಗ್ಗುತ್ತದೆ. ವೈರು ಕೆಳಮುಖವಾಗಿ ಹೊರಟು, ಒಂದು ಬಾಗು ತೆಗೆದುಕೊಂಡು ಮೇಲೇರಲಿ. ಮಳೆನೀರು ಆ ಬಾಗಿನಲ್ಲಿ ತೊಟ್ಟಿಕ್ಕುತ್ತದೆ, ಒಳಗೆ ಹೋಗದು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ವೈರು ಎಳೆಯುವುದಿಲ್ಲ, ಟ್ಯಾಂಕಿಗೆ ಸಿಕ್ಕಿಕೊಳ್ಳುವುದಿಲ್ಲ, ಕ್ಲಚ್ ಕೇಬಲ್ಲಿಗೆ ಉಜ್ಜುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಐಪಿ 67 ಎಂಬ ಗುರುತಿನಲ್ಲಿ 6 ಎಂದರೆ ಧೂಳು ನುಗ್ಗದು, 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಸರ್ವಿಸ್ ಸ್ಟೇಷನ್ನಿನ ರಭಸದ ನೀರಿನ ಧಾರೆ ಬೇರೆಯೇ ಪರೀಕ್ಷೆ. ಅದರಿಂದ ಸ್ವಿಚ್ಚನ್ನು ನೀವೇ ಕಾಪಾಡಬೇಕು.

ಎದುರಿನವರ ಪರವಾಗಿ

ಆರಂಭದ ಪ್ರಶ್ನೆಗೆ ಬರೋಣ. ಡಿಮ್ ಮಾಡಿದರೂ ಆ ಎರಡು ದೀಪಗಳು ಏಕೆ ಆರಲಿಲ್ಲ? ಅವುಗಳ ಸ್ವಿಚ್ಚಿಗೂ ಡಿಪ್ಪರಿಗೂ ಸಂಬಂಧವೇ ಇರಲಿಲ್ಲ. ಸವಾರ ಎರಡು ಕೆಲಸ ಮಾಡಬೇಕಿತ್ತು, ಒಂದನ್ನು ಮಾಡಿದ.

ಇದರ ಮೂಲ ಹೆಸರಿನ ಗೊಂದಲದಲ್ಲಿದೆ. ನಮ್ಮಲ್ಲಿ ಎಲ್ಲ ಹೆಚ್ಚುವರಿ ದೀಪಗಳನ್ನೂ ‘ಫಾಗ್ ಲೈಟ್’ ಎನ್ನುವುದು ರೂಢಿ. ನಿಜವಾದ ಮಂಜಿನ ದೀಪದ ಬೆಳಕು ಅಗಲವಾಗಿ, ನೆಲದ ಮಟ್ಟದಲ್ಲಿ ಹರಡುತ್ತದೆ; ಮೇಲಕ್ಕೆ ಚದುರುವುದಿಲ್ಲ. ಮಳೆಗಾಲದಲ್ಲಿ ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಹೈಬೀಮ್ ಹಾಕಿ ನೋಡಿದವರಿಗೆ ಗೊತ್ತು, ಮಂಜಿನ ಹನಿಗಳು ಆ ಬೆಳಕನ್ನು ಚದುರಿಸಿ ನಮ್ಮ ಕಣ್ಣಿಗೇ ಮರಳಿಸುತ್ತವೆ. ಆದ್ದರಿಂದ ಮಂಜಿನ ದೀಪ ಲೋಬೀಮ್ ಜೊತೆಯಲ್ಲೂ ಉರಿಯುವಂತಿರಬೇಕು. ಅದಕ್ಕೆ ಪ್ರತ್ಯೇಕ ಸ್ವಿಚ್ಚು ಸರಿ. ದೂರಕ್ಕೆ ಎಸೆಯುವ ದೀಪ ಹಾಗಲ್ಲ. ಅದರ ರಿಲೇ ಸುರುಳಿಗೆ ವಿದ್ಯುತ್ತನ್ನು ಹೈಬೀಮ್ ವೈರಿನಿಂದಲೇ, ಸ್ವಿಚ್ಚಿನ ಮೂಲಕ ಕೊಡಬೇಕು. ಆಗ ಹೆಡ್‌ಲೈಟ್ ಡಿಮ್ ಮಾಡಿದೊಡನೆ ಅದೂ ಆರುತ್ತದೆ. ಹೆಬ್ಬೆರಳಿಗೆ ಒಂದೇ ಕೆಲಸ, ಅದೂ ಮೊದಲೇ ಅಭ್ಯಾಸವಾದದ್ದು. ಹೈಬೀಮ್ ವೈರಿಗೆ ಕೈ ಹಾಕುವ ಮುನ್ನ ಮಲ್ಟಿಮೀಟರಿನಿಂದ ಪರೀಕ್ಷಿಸಿ: ಕೆಲವು ಹಳೆಯ ಬೈಕುಗಳ ಹೆಡ್‌ಲೈಟ್ ಎಸಿಯಲ್ಲಿ ಉರಿಯುತ್ತದೆ, ಅದರಲ್ಲಿ ಡಿಸಿ ರಿಲೇ ನಡುಗುತ್ತದೆ. ಕೆಲವು ಬೈಕುಗಳಲ್ಲಿ ಋಣ ತುದಿಯನ್ನು ಕಡಿಯುವ ವ್ಯವಸ್ಥೆಯಿದೆ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಸಹ ಮುಂದಿನ ದೀಪಗಳು ಎದುರಿನವರ ಕಣ್ಣು ಕೋರೈಸದಂತೆ ಕೆಳಮುಖವಾಗಿರಬೇಕೆಂದು ಹೇಳುತ್ತವೆ. ಸ್ಪಾಟ್‌ಲೈಟ್‌ಗಳಿಗಂತೂ ನೋಂದಣಿ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಅವಕಾಶವಿಲ್ಲ. ದೀಪ ಕೊಳ್ಳುವ ಮುನ್ನವೇ ಇದನ್ನು ಯೋಚಿಸಿ.

ತರಗತಿಯಲ್ಲಿ

ಶಿಕ್ಷಕರಿಗೆ ಎರಡು ಸೂಚನೆಗಳು. 12 ವೋಲ್ಟಿನ ಬ್ಯಾಟರಿ, 5 ಆಂಪಿಯರ್ ಫ್ಯೂಸ್, ಇಂಡಿಕೇಟರಿನ 21 ವ್ಯಾಟ್ ಬಲ್ಬು, ಒಂದು ಸ್ವಿಚ್ಚು ಇವನ್ನು ಸರಣಿಯಲ್ಲಿ ಜೋಡಿಸಿ. ದೀಪ ಉರಿಯುವಾಗ ಸ್ವಿಚ್ಚಿನ ಎರಡು ತುದಿಗಳ ನಡುವಿನ ಮಿಲಿವೋಲ್ಟ್ ಅಳೆದು, ಪ್ರವಾಹದಿಂದ ಭಾಗಿಸಿ. ಹೊಸ ಸ್ವಿಚ್ಚು, ಗ್ಯಾರೇಜಿನಿಂದ ತಂದ ಹಳೆಯ ಸ್ವಿಚ್ಚು, ಹಾಗೂ ಒದ್ದೆ ಮಾಡಿ ಒಂದು ವಾರ ಬಿಟ್ಟ ಸ್ವಿಚ್ಚು, ಮೂರರ ರೋಧವನ್ನೂ ಹೋಲಿಸಿ. ಗೆರೆಯ ನಡುವಿನ ಬಿಡುವಿಗೂ ರೋಧವಿದೆ ಎಂದು ವಿದ್ಯಾರ್ಥಿಗಳು ತಾವೇ ಕಾಣುತ್ತಾರೆ.

ಎರಡನೆಯದಕ್ಕೆ ಉಪಕರಣವೇ ಬೇಡ. ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕಿನ ಮೇಲೆ ಕಣ್ಣು ಮುಚ್ಚಿ, ಕೈಗವಸು ತೊಟ್ಟು ಕುಳಿತು, ಸ್ವಿಚ್ಚು ಹುಡುಕಿ ದೀಪ ಆರಿಸಲು ಎಷ್ಟು ಸೆಕೆಂಡ್ ಬೇಕೆಂದು ಗೆಳೆಯರಿಂದ ಅಳೆಸಿ. ಅದನ್ನು 33ರಿಂದ ಗುಣಿಸಿ. ಬಂದ ಉತ್ತರ, ಎದುರಿನವರು ಕಣ್ಣು ಕಾಣದೆ ಕ್ರಮಿಸಿದ ದಾರಿಯೂ ಸೇರಿದಂತೆ, ಮೀಟರುಗಳಲ್ಲಿರುತ್ತದೆ. ಸ್ವಿಚ್ಚನ್ನು ಎಲ್ಲಿ ಕೂರಿಸಬೇಕೆಂದು ಆ ಬಳಿಕ ಯಾರೂ ಹೇಳಿಕೊಡಬೇಕಾಗಿಲ್ಲ.