ಕಡತದೊಡನೆ ಸಾಗಬೇಕಾದ ತೇದಿ

ವಿಜಯಪುರದ ಅಸಾರ್ ಮಹಲಿನ ಗ್ರಂಥಭಂಡಾರದಲ್ಲಿದ್ದ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಸಾಗಿದ ಮೇಲೂ, ಅವುಗಳಲ್ಲಿ ಹಲವು ಆದಿಲಶಾಹಿ ಅರಸರ ಸಂಗ್ರಹದಲ್ಲಿದ್ದವೆಂದು ವಿದ್ವಾಂಸರಿಗೆ ತಿಳಿಸಿಕೊಟ್ಟವು ಹಾಳೆಗಳ ಮೇಲಿನ ಮುದ್ರೆಗಳು ಮತ್ತು ಭಂಡಾರದವರು ಬರೆದಿಟ್ಟ ಟಿಪ್ಪಣಿಗಳು. ಅವು ಕೃತಿಯ ಪಠ್ಯಕ್ಕೆ ಸೇರಿದವಲ್ಲ. ಆದರೆ ಪಠ್ಯವನ್ನಷ್ಟೇ ನಕಲು ಮಾಡಿದವನ ಕೈಯಲ್ಲಿ ಗ್ರಂಥ ಉಳಿಯುತ್ತದೆ, ಅದರ ಚರಿತ್ರೆ ಉಳಿಯುವುದಿಲ್ಲ.

ಕಂಪ್ಯೂಟರಿನ ಕಡತಕ್ಕೂ ಇಂಥ ಹೊರವಿವರಗಳಿವೆ. ಕಡತ ಹುಟ್ಟಿದ ವೇಳೆ, ಕೊನೆಯ ಬಾರಿ ಬದಲಾದ ವೇಳೆ, ಒಡೆತನ, ಅನುಮತಿ, ಬಳಕೆದಾರರು ಅಂಟಿಸಿದ ಗುರುತುಗಳು ಇವೆಲ್ಲ ಸೇರಿ ಮೆಟಾಡೇಟಾ ಎನಿಸಿಕೊಳ್ಳುತ್ತವೆ. ಇವು ಕಡತದ ಒಳಗಿರದೆ, ಡಿಸ್ಕಿನಲ್ಲಿ ಕಡತಗಳ ಲೆಕ್ಕವಿಡುವ ಫೈಲ್ ಸಿಸ್ಟಮ್‌ನಲ್ಲಿರುತ್ತವೆ. ಟಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆಸಿ, 2023ರ ಜನವರಿ 2ರಂದು ನಿಧನರಾದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನವೊಂದನ್ನು ಬಬಲೇಶ್ವರದ ಭಕ್ತರೊಬ್ಬರು ಧ್ವನಿಮುದ್ರಣ ಯಂತ್ರದಲ್ಲಿ ಹಿಡಿದಿಟ್ಟಿದ್ದರೆ, ಯಂತ್ರ ತಾನೇ ಕೊಟ್ಟ ಅನುಕ್ರಮ ಸಂಖ್ಯೆಯ ಹೆಸರಿಗಿಂತ ಆ ಕಡತದ ತೇದಿಯೇ ಹೆಚ್ಚು ಹೇಳುತ್ತದೆ. ಲಿನಕ್ಸ್‌ನ ಸಿಪಿ ಆದೇಶಕ್ಕೆ ಯಾವ ಆಯ್ಕೆಯನ್ನೂ ಕೊಡದೆ ನಕಲು ಮಾಡಿದರೆ ಆ ತೇದಿಯ ಜಾಗದಲ್ಲಿ ನಕಲು ಮಾಡಿದ ದಿನ ಬಂದು ಕೂರುತ್ತದೆ; ವಿಂಡೋಸ್‌ನಲ್ಲಿ ಎಳೆದು ಬಿಟ್ಟು ನಕಲು ಮಾಡಿದರೆ ಬದಲಾದ ವೇಳೆ ಉಳಿದರೂ ಹುಟ್ಟಿದ ವೇಳೆ ಹೊಸದಾಗುತ್ತದೆ.

ಆದ್ದರಿಂದ ಮೆಟಾಡೇಟಾ ಉಳಿಸಿ ನಕಲು ಮಾಡುವ ಕೆಲಸವನ್ನು ಸ್ಕ್ರಿಪ್ಟ್‌ಗೆ, ಅಂದರೆ ಬರೆದಿಟ್ಟ ಆದೇಶಗಳ ಸರಣಿಗೆ, ಒಪ್ಪಿಸುವುದು ಲೇಸು. ವಿಂಡೋಸ್‌ನ ರೋಬೋಕಾಪಿ ಕಡತಗಳ ವೇಳೆಯನ್ನು ತಾನಾಗಿ ಉಳಿಸುತ್ತದೆಯಾದರೂ ಫೋಲ್ಡರುಗಳ ವೇಳೆಗೆ ಡಿಕಾಪಿ ಆಯ್ಕೆಯಲ್ಲಿ ಟಿ ಅಕ್ಷರವನ್ನು ಸೇರಿಸಬೇಕು. ಮ್ಯಾಕ್‌ನ ಡಿಟ್ಟೊ ಬಣ್ಣದ ಗುರುತುಗಳನ್ನೂ ಹೊತ್ತೊಯ್ಯುತ್ತದೆ. ಲಿನಕ್ಸ್‌ನ ಆರ್‌ಸಿಂಕ್‌ಗೆ ಸಣ್ಣ ಎ ಆಯ್ಕೆಯೊಂದೇ ಸಾಲದು. ಗುರುತುಗಳಂಥ ವಿಸ್ತೃತ ಗುಣಗಳಿಗೆ ದೊಡ್ಡ ಎಕ್ಸ್, ವಿವರವಾದ ಅನುಮತಿಪಟ್ಟಿಗೆ ದೊಡ್ಡ ಎ ಬೇಕು. ಪೈಥಾನ್‌ನ ಕಾಪಿ2 ಎಲ್ಲ ಮೆಟಾಡೇಟಾವನ್ನೂ ಒಯ್ಯಲಾರದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ.

ನಡುವೆ ಪೆನ್‌ಡ್ರೈವ್ ಬಂದರೆ ತೊಡಕು ಹೆಚ್ಚುತ್ತದೆ. ಅದರಲ್ಲಿ ಬಳಕೆಯಲ್ಲಿರುವ ಫ್ಯಾಟ್32 ವ್ಯವಸ್ಥೆಗೆ ಒಡೆತನವೆಂಬುದೇ ಗೊತ್ತಿಲ್ಲ. ಬದಲಾವಣೆಯ ವೇಳೆಯನ್ನು ಅದು 2 ಸೆಕೆಂಡುಗಳ ಅಂತರದಲ್ಲಿ, ಸ್ಥಳೀಯ ಗಡಿಯಾರದಂತೆ ಬರೆಯುತ್ತದೆ. ಆದ್ದರಿಂದ ಎರಡು ವೇಳೆಗಳನ್ನು ಹೋಲಿಸುವ ಸ್ಕ್ರಿಪ್ಟ್ ಅಷ್ಟು ವ್ಯತ್ಯಾಸವನ್ನು ಸಹಿಸಲೇಬೇಕು. ಮ್ಯಾಕ್ ಅಲ್ಲಿ ಚುಕ್ಕಿ ಮತ್ತು ಅಡಿಗೆರೆಯಿಂದ ಆರಂಭವಾಗುವ ಜೋಡಿ ಕಡತಗಳನ್ನು ಸೃಷ್ಟಿಸಿ ಗುರುತುಗಳನ್ನು ಅವುಗಳಲ್ಲಿಡುತ್ತದೆ. ಕಸವೆಂದು ಅವನ್ನು ಅಳಿಸಿದವರು ಗುರುತುಗಳನ್ನೇ ಅಳಿಸಿರುತ್ತಾರೆ.

ನುರಿತವರೂ ಎಡವುವ ಜಾಗ ಇನ್ನೊಂದಿದೆ. ಎಸ್‌ಎಚ್‌ಎ-256 ಎಂಬ ಲೆಕ್ಕಾಚಾರ ಕಡತದ ಒಳಹೂರಣದ ಪ್ರತಿ ಬೈಟನ್ನೂ ಪರಿಶೀಲಿಸುತ್ತದೆ, ಆದರೆ ತೇದಿಯನ್ನು ನೋಡುವುದೇ ಇಲ್ಲ. ಅದು ಕೊಡುವ ಮೊತ್ತ ಮೂಲ ಮತ್ತು ನಕಲಿನಲ್ಲಿ ಹೊಂದಿದ ಮಾತ್ರಕ್ಕೆ ಮೂಲವನ್ನು ಅಳಿಸಕೂಡದು. ಫೋಲ್ಡರಿನೊಳಗೆ ಕಡತವೊಂದು ಸೇರಿದಾಗಲೆಲ್ಲ ಫೋಲ್ಡರಿನ ವೇಳೆ ಬದಲಾಗುವುದರಿಂದ, ಅದನ್ನು ಮರುಸ್ಥಾಪಿಸುವ ಸಾಲು ಸ್ಕ್ರಿಪ್ಟ್‌ನ ಕೊನೆಯಲ್ಲಿ ಬರಬೇಕು. ಲಿನಕ್ಸ್‌ನ ಇಎಕ್ಸ್‌ಟಿ4ರಲ್ಲಂತೂ ಹುಟ್ಟಿದ ವೇಳೆಯನ್ನು ಸಾಮಾನ್ಯ ಆದೇಶಗಳಿಂದ ತಿದ್ದಲಾಗದು. ಆದ್ದರಿಂದ ನಕಲಿಗೆ ಮೊದಲೇ ಪ್ರತಿ ಕಡತದ ಹೆಸರು, ವೇಳೆಗಳು, ಗುರುತುಗಳು ಮತ್ತು ಮೊತ್ತವನ್ನು ಸರಳ ಪಠ್ಯದ ಪಟ್ಟಿಯೊಂದರಲ್ಲಿ ಬರೆಸಿ ಕಡತಗಳ ಜೊತೆಗೇ ಕಳಿಸಬೇಕು, ಏಕೆಂದರೆ ಆ ಪಟ್ಟಿಯ ವಿವರಗಳು ಕಡತದ ಒಳಗೇ ಇರುವುದರಿಂದ ಅವನ್ನು ಫ್ಯಾಟ್32 ಕೂಡ ಕಳಚಿಹಾಕಲಾರದು.