ಒಂದೇ ಅಂಕೆ ತಪ್ಪಿದರೆ ಹರಿಹರದ ಪಾರ್ಸೆಲ್ ಎಲ್ಲಿಗೆ?

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ದೂರ. ದಾವಣಗೆರೆಯಲ್ಲಿ ಕಳಿಸಿದ ಪಾರ್ಸೆಲ್ ಚಿತ್ರದುರ್ಗ ಸುತ್ತಿ, ನಾಲ್ಕು ದಿನ ತಡವಾಗಿ ಹರಿಹರ ಮುಟ್ಟಿತು ಎಂದುಕೊಳ್ಳಿ. ಒಳಗಿದ್ದದ್ದು ಔಷಧಿಯೋ, ಸಂದರ್ಶನದ ಕರೆಯೋ ಆಗಿದ್ದರೆ ನಷ್ಟ ಸಣ್ಣದಲ್ಲ. ಕೂಡಲೇ ನಾವು 'ಸಿಬ್ಬಂದಿಯ ನಿರ್ಲಕ್ಷ್ಯ' ಎಂದು ತೀರ್ಪು ಕೊಡುತ್ತೇವೆ. ಇದು ಸುಲಭದ ತೀರ್ಪು, ಆದರೆ ಅಪೂರ್ಣ. ಮನುಷ್ಯರು ತಪ್ಪು ಮಾಡುವುದು ಸಹಜ. ಆ ತಪ್ಪು ಪಾರ್ಸೆಲ್ ವಾಹನ ಏರುವ ಮೊದಲೇ ಏಕೆ ಸಿಕ್ಕಿಬೀಳಲಿಲ್ಲ ಎಂಬುದು ವಿಜ್ಞಾನದ ಪ್ರಶ್ನೆ.

ಉತ್ತರ ಪಿನ್ ಕೋಡಿನ ರಚನೆಯಲ್ಲೇ ಇದೆ. ಶ್ರೀರಾಮ ಭಿಕಾಜಿ ವೇಲಣಕರ್ ಅವರು ರೂಪಿಸಿದ ಈ ಆರು ಅಂಕೆಗಳ ಪದ್ಧತಿ 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಮೊದಲ ಅಂಕೆ ವಲಯವನ್ನೂ, ಮೊದಲ ಎರಡು ಉಪವಲಯವನ್ನೂ, ಮೊದಲ ಮೂರು ವಿಂಗಡಣಾ ಜಿಲ್ಲೆಯನ್ನೂ, ಕೊನೆಯ ಮೂರು ಬಟವಾಡೆ ಕಚೇರಿಯನ್ನೂ ಸೂಚಿಸುತ್ತವೆ. ಲಿಪಿಗಳು ಹಲವಿರುವ, ಒಂದೇ ಹೆಸರಿನ ಊರುಗಳು ಹತ್ತಾರಿರುವ ದೇಶದಲ್ಲಿ ಇದು ದೊಡ್ಡ ಸಾಧನೆಯೇ ಸರಿ.

ಈಗ ನಮ್ಮ ಸುತ್ತಲಿನ ಸಂಖ್ಯೆಗಳನ್ನು ನೋಡಿ. ದಾವಣಗೆರೆ 577001, ಚಿಕ್ಕಮಗಳೂರು 577101, ಶಿವಮೊಗ್ಗ 577201, ಭದ್ರಾವತಿ 577301, ಸಾಗರ 577401, ಚಿತ್ರದುರ್ಗ 577501, ಹರಿಹರ 577601. ಏಳು ಊರುಗಳ ನಡುವೆ ವ್ಯತ್ಯಾಸ ನಾಲ್ಕನೆಯ ಅಂಕೆಯೊಂದರಲ್ಲಿ ಮಾತ್ರ! ಅವಸರದಲ್ಲಿ 6ರ ಬದಲು 5 ಒತ್ತಿದರೂ ಸಿಗುವುದು ಸರಿಯಾದ ಇನ್ನೊಂದು ಊರಿನ ಸಂಖ್ಯೆಯೇ. ಯಂತ್ರಕ್ಕೆ ಅನುಮಾನ ಬರಲು ಕಾರಣವೇ ಇಲ್ಲ. ತಪ್ಪು ಊರಿಗೆ ಹೋದ ಪಾರ್ಸೆಲ್ ಮತ್ತೆ ವಿಂಗಡಣಾ ಕೇಂದ್ರಕ್ಕೆ ಬಂದು, ಮುಂದಿನ ವಾಹನಕ್ಕಾಗಿ ಕಾಯಬೇಕು. ಒಂದು ಅಂಕೆಯ ತಪ್ಪು ದಿನಗಳ ವಿಳಂಬವಾಗುವುದು ಹೀಗೆ.

ಇಂಥ ತಪ್ಪನ್ನು ಹಿಡಿಯಲು ಗಣಿತದಲ್ಲಿ 'ತಾಳೆ ಅಂಕೆ'ಯ ಉಪಾಯವಿದೆ. ಪುಸ್ತಕದ ಐಎಸ್‌ಬಿಎನ್, ಆಧಾರ್ ಸಂಖ್ಯೆ ಎರಡರಲ್ಲೂ ಕೊನೆಯ ಅಂಕೆ ಇದೇ ಕೆಲಸ ಮಾಡುತ್ತದೆ. ಸ್ಪೀಡ್ ಪೋಸ್ಟ್ ರಸೀದಿಯ ಒಂಬತ್ತು ಅಂಕೆಗಳಲ್ಲಿ ಕೊನೆಯದೂ ತಾಳೆ ಅಂಕೆಯೇ. ಅಂದರೆ, ಪಾರ್ಸೆಲ್ ಎಲ್ಲಿದೆ ಎಂದು ಹುಡುಕುವ ಸಂಖ್ಯೆಗೆ ಕಾವಲುಂಟು. ಎಲ್ಲಿಗೆ ಹೋಗಬೇಕು ಎನ್ನುವ ಸಂಖ್ಯೆಗೆ ಇಲ್ಲ!

ಪಿನ್ ಕೋಡಿಗೂ ಒಂದು ತಾಳೆ ಅಂಕೆ ಇದ್ದಿದ್ದರೆ? ಆರು ಅಂಕೆಗಳನ್ನು ಕ್ರಮವಾಗಿ 1, 2, 3, 4, 5, 6ರಿಂದ ಗುಣಿಸಿ ಕೂಡಿಸಿ, ಮೊತ್ತವನ್ನು 11ರಿಂದ ಭಾಗಿಸಿ. ಹರಿಹರಕ್ಕೆ 5+14+21+24+0+6=70; ಶೇಷ 4. ಆದ್ದರಿಂದ 577601-4 ಎಂದು ಬರೆಯೋಣ. ಇದನ್ನು ಯಾರಾದರೂ 577501-4 ಎಂದು ತಪ್ಪಾಗಿ ನಮೂದಿಸಿದರೆ ಮೊತ್ತ 66, ಶೇಷ 0. ತಾಳೆಯಾಗಲಿಲ್ಲ, ತಪ್ಪು ಸಿಕ್ಕಿತು. 11 ಅವಿಭಾಜ್ಯ ಸಂಖ್ಯೆಯಾದ್ದರಿಂದ ಯಾವುದೇ ಒಂಟಿ ಅಂಕೆಯ ತಪ್ಪು ಇದರಿಂದ ತಪ್ಪಿಸಿಕೊಳ್ಳಲಾರದು. ಅಕ್ಕಪಕ್ಕದ ಎರಡು ಅಂಕೆಗಳು ಅದಲು ಬದಲಾದರೂ ಅಷ್ಟೇ. ಶೇಷ 10 ಬಂದಾಗ ಮಾತ್ರ ಬೇರೆ ಚಿಹ್ನೆ ಬೇಕು.

ಇಷ್ಟು ವರ್ಷಗಳ ಮೇಲೆ ಏಳನೆಯ ಅಂಕೆ ಸೇರಿಸುವುದು ಸಾಧ್ಯವೇ ಎಂದು ನೀವು ಕೇಳಬಹುದು. ಕಷ್ಟ, ನಿಜ. ಆದರೆ ವಿಳಾಸದಲ್ಲಿ ಊರಿನ ಹೆಸರೂ ಇರುತ್ತದೆಯಲ್ಲ! ಹೆಸರು ಮತ್ತು ಸಂಖ್ಯೆಯನ್ನು ಪಾರ್ಸೆಲ್ ಪಡೆಯುವಾಗಲೇ ತಾಳೆ ನೋಡಿದರೆ ಕಾವಲು ತಾನಾಗಿ ಒದಗುತ್ತದೆ.

ಇಲ್ಲಿಯೂ ಎಚ್ಚರ ಬೇಕು, ಜಿಲ್ಲೆಯ ಹೆಸರನ್ನು ನೆಚ್ಚುವಂತಿಲ್ಲ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು, ಪಿನ್ ಕೋಡ್ ಬಂದು ಸರಿಯಾಗಿ 25 ವರ್ಷಗಳ ನಂತರ. ಹೊನ್ನಾಳಿಯ 577217, ಚನ್ನಗಿರಿಯ 577213 ಇವು ಇಂದಿಗೂ ಶಿವಮೊಗ್ಗದ ಸಾಲಿನಲ್ಲೇ ಇವೆ. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಬಂದು, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಸಂಖ್ಯೆ ಮಾತ್ರ 583131. ಹರಿಹರದ ಹೆಸರನ್ನೇ ಹೊತ್ತ ಪಾಲಿಫೈಬರ್ಸ್ ಕಾರ್ಖಾನೆ ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣಂನಲ್ಲಿದೆ. ಅದು ಹಾವೇರಿ ಜಿಲ್ಲೆ, ಸಂಖ್ಯೆ 581123. ಹೊಳೆ ದಾಟಿದರೆ ವಿಂಗಡಣಾ ಜಿಲ್ಲೆಯೇ ಬೇರೆ! ತಾಳೆ ನೋಡುವ ಪಟ್ಟಿ ಅಂಚೆಯ ಭೂಗೋಳವನ್ನು ಅನುಸರಿಸಬೇಕೇ ಹೊರತು ಕಂದಾಯದ ಭೂಗೋಳವನ್ನಲ್ಲ.

ಅಂಚೆ ಇಲಾಖೆ 2025ರಲ್ಲಿ ಹತ್ತು ಚಿಹ್ನೆಗಳ ಡಿಜಿಪಿನ್ ಹೊರತಂದಿದೆ. ದೇಶದ ನಕ್ಷೆಯನ್ನು ಸುಮಾರು 4 ಮೀಟರ್ ಚೌಕಗಳಾಗಿ ವಿಭಜಿಸುವ ಈ ಪದ್ಧತಿಯಲ್ಲಿ ಹತ್ತೂ ಚಿಹ್ನೆಗಳು ಸ್ಥಳ ಗುರುತಿಸಲೇ ವ್ಯಯವಾಗುತ್ತವೆ. ನಿಖರತೆ ಹೆಚ್ಚಿತು, ದೋಷಪತ್ತೆಗೆ ಮತ್ತೆ ಜಾಗವಿಲ್ಲ. ಇದು ವಿಷಾದದ ಸಂಗತಿ.

ಶಿಕ್ಷಕರು ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಬಹುದು. ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಪಿನ್ ಕೋಡಿಗೆ ತಾಳೆ ಅಂಕೆ ಲೆಕ್ಕ ಹಾಕಲಿ. ಪಕ್ಕದವರು ಬೇಕೆಂದೇ ಒಂದು ಅಂಕೆ ಬದಲಿಸಲಿ. ತಪ್ಪು ಮಾಡದ ಮನುಷ್ಯರನ್ನು ಹುಡುಕುವುದಕ್ಕಿಂತ, ತಪ್ಪನ್ನು ಬಾಗಿಲಲ್ಲೇ ತಡೆಯುವ ವ್ಯವಸ್ಥೆ ಕಟ್ಟುವುದು ಹೆಚ್ಚು ಸುಲಭ ಎಂಬುದು ಅವರಿಗೇ ಮನವರಿಕೆಯಾಗುತ್ತದೆ.