ಕಾಯ್ದ ಎಣ್ಣೆ, ಫುಲ್ ಕಟ್

ರೇಡಿಯೇಟರಿನ ಮುಂದೆ ಬೆರಳುಗಾತ್ರದ ಒಂದು ಪೈಪು ಇತ್ತು. ಒಂದು ಪಕ್ಕದಿಂದ ಹೊರಟು, ಅಡ್ಡಕ್ಕೆ ಹೋಗಿ, ಕೂದಲಿಗೆ ಸಿಕ್ಕಿಸುವ ಪಿನ್ನಿನ ಹಾಗೆ ಬಾಗಿ, ಬಂದ ಕಡೆಗೇ ವಾಪಸ್. ನನ್ನ ಹಳೇ ಸೆಡಾನಿಗೆ ಟರ್ಬೊ ಕೂರಿಸಿ ಮುಂದೆ ದೊಡ್ಡ ಇಂಟರ್‌ಕೂಲರ್ ಹಾಕಿಸುವಾಗ ಅದು ಅಡ್ಡ ಬಂತು. "ಎಲ್ಲಿಂದ ಬರುತ್ತೋ ಅಲ್ಲಿಗೇ ಹೋಗುತ್ತೆ ಸಾರ್, ಸುಮ್ನೆ ಇದೆ. ತೆಗೆದು ನೇರ ಹೋಸ್ ಕೊಟ್ಬಿಡ್ತೀನಿ" ಅಂದ ಮೆಕ್ಯಾನಿಕ್. ನಾನೂ ತಲೆಯಾಡಿಸಿದೆ.

ಎರಡು ತಿಂಗಳಾದ ಮೇಲೆ ಆಟೋಕ್ರಾಸಿನ ಮಣ್ಣಿನಲ್ಲಿ, ನಾಲ್ಕನೇ ಸುತ್ತಿಗೆ, ಪವರ್ ಸ್ಟೀರಿಂಗ್ ಪಂಪು ನಾಯಿಮರಿಯಂತೆ ಊಳಿಡತೊಡಗಿತು. ಸ್ಟೀರಿಂಗ್ ಒಮ್ಮೆ ಹಗುರ, ಒಮ್ಮೆ ಕಲ್ಲು. ಬಾನೆಟ್ ಎತ್ತಿದರೆ ಡಬ್ಬಿಯ ಮುಚ್ಚಳದಿಂದ ಕೆಂಪು ಎಣ್ಣೆ ನೊರೆಯಾಗಿ ಉಕ್ಕಿ, ಎಕ್ಸಾಸ್ಟ್ ಮೇಲೆ ಬಿದ್ದು ಹೊಗೆಯಾಡುತ್ತಿತ್ತು. ಬೆಂಕಿ ಹತ್ತಲಿಲ್ಲ ಎನ್ನುವುದು ನನ್ನ ಅದೃಷ್ಟ, ಅಷ್ಟೆ. ಸುಮ್ಮನೆ ಇದ್ದ ಆ ಪೈಪೇ ಕಂಪನಿಯವರು ಕೊಟ್ಟಿದ್ದ ಆಯಿಲ್ ಕೂಲರ್.

ಬೆಲ್ಟಿನಿಂದ ತಿರುಗುವ ಈ ಪಂಪಿಗೆ ವಿಶ್ರಾಂತಿ ಇಲ್ಲ. ಎಂಜಿನ್ ಓಡುವವರೆಗೂ ಅದು ಎಣ್ಣೆ ತಳ್ಳುತ್ತಲೇ ಇರುತ್ತದೆ. 1926ರಲ್ಲಿ ಅಮೆರಿಕದಲ್ಲಿ ಪವರ್ ಸ್ಟೀರಿಂಗ್ ಮಾಡಿ ತೋರಿಸಿದ ಫ್ರಾನ್ಸಿಸ್ ಡೇವಿಸ್ ಅವರ ಜಾಣತನ ಇದ್ದದ್ದು ವಾಲ್ವಿನಲ್ಲಿ. ಚಕ್ರ ನೇರ ಇರುವಾಗ ವಾಲ್ವ್ ತೆರೆದೇ ಇರುತ್ತದೆ, ಎಣ್ಣೆ ಒತ್ತಡವಿಲ್ಲದೆ ಸುತ್ತಿ ಬರುತ್ತದೆ. ತಿರುಗಿಸಿದಾಗ ಮಾತ್ರ ಒತ್ತಡ ಏರುತ್ತದೆ. ಮಾರಾಟದ ಕಾರಿಗೆ ಈ ವ್ಯವಸ್ಥೆ ಬರಲು 1951ರ ಕ್ರೈಸ್ಲರ್ ಇಂಪೀರಿಯಲ್‌ವರೆಗೆ ಕಾಯಬೇಕಾಯಿತು. ಹೆದ್ದಾರಿಯಲ್ಲಿ ನೆಟ್ಟಗೆ ಹೋಗುವ ಕಾರಿನ ಎಣ್ಣೆ ಅಷ್ಟಾಗಿ ಕಾಯದಿರುವುದು ವಾಲ್ವ್ ಹೀಗೆ ತೆರೆದೇ ಇರುವ ಕಾರಣಕ್ಕೆ.

ಕಾಯುವುದು ನಾವು ಫುಲ್ ಕಟ್ ಹೊಡೆದು ಹಿಡಿದಾಗ. ಚಕ್ರ ಇನ್ನು ತಿರುಗಲಾರದು, ಪಂಪು ಮಾತ್ರ ತಳ್ಳುತ್ತದೆ. ಒತ್ತಡ 100 ಬಾರ್ ಸುಮಾರಿಗೆ ಏರಿದಾಗ ರಿಲೀಫ್ ವಾಲ್ವ್ ತೆರೆದು ಎಣ್ಣೆಯನ್ನು ಹಿಂದಕ್ಕೆ ಬಿಡುತ್ತದೆ. ಪಂಪು ಪಟ್ಟ ಶ್ರಮ ಯಾವ ಚಕ್ರವನ್ನೂ ತಿರುಗಿಸದೆ ನೇರ ಶಾಖವಾಗುತ್ತದೆ. ನಿಮಿಷಕ್ಕೆ ಎಂಟು ಲೀಟರ್ ಹರಿವು, 100 ಬಾರ್ ಒತ್ತಡ ಅಂತ ಇಟ್ಟುಕೊಂಡು ಗುಣಿಸಿ ನೋಡಿ: ಸುಮಾರು 1,300 ವಾಟ್. ಮನೆಯಲ್ಲಿ ಸ್ನಾನದ ನೀರು ಕಾಯಿಸುವ ಕಾಯಿಲ್ ಇದೆಯಲ್ಲ, ಹೆಚ್ಚುಕಡಿಮೆ ಅದರ ಶಕ್ತಿ. ಅದನ್ನು ಬಕೆಟ್ ನೀರಿಗಲ್ಲ, ಒಂದು ಲೀಟರ್ ಎಣ್ಣೆಗೆ ಅದ್ದಿದ ಹಾಗೆ. ಹತ್ತು ಸೆಕೆಂಡಿಗೆ ಎಂಟು ಡಿಗ್ರಿಯಷ್ಟು ಏರುತ್ತದೆ. ಬಿಸಿಯಾದದ್ದು ಹಿಗ್ಗುತ್ತದೆ ಕೂಡ. 30 ಡಿಗ್ರಿಯ ಒಂದು ಲೀಟರ್ ಎಣ್ಣೆ 110 ತಲುಪುವಾಗ ಅಂದಾಜು 60 ಮಿಲಿಲೀಟರ್ ಹೆಚ್ಚಾಗಿರುತ್ತದೆ. ಡಬ್ಬಿಯ ಮೇಲೆ ಬಿಸಿಗೊಂದು, ತಣ್ಣಗಿದ್ದಾಗಿನದಕ್ಕೊಂದು ಗೆರೆ ಇರುವುದು ಇದಕ್ಕೇ. ಡ್ರಿಫ್ಟ್ ಮಾಡುವವರ ಪ್ರೀತಿಯ ಹಳೇ ಬಿಎಂಡಬ್ಲ್ಯು ಇ36, ಟ್ರ್ಯಾಕಿನಲ್ಲಿ ಮುಚ್ಚಳದಿಂದ ಎಣ್ಣೆ ಉಗುಳುವುದಕ್ಕೆ ಹೆಸರುವಾಸಿ.

ಮಾಡಿಫೈ ಮಾಡುವ ನಾವು ಇದರ ಮೇಲೆ ತುಪ್ಪ ಸುರಿಯುತ್ತೇವೆ. ಅಗಲದ ಟೈರು ಹಾಕಿದರೆ ತಿರುಗಿಸಲು ಹೆಚ್ಚು ಒತ್ತಡ ಬೇಕು. ಬೊಲೆರೊ ಸ್ಟೀರಿಂಗ್ ಬಾಕ್ಸ್ ಕೂರಿಸಿದ ಹಳೇ ಜೀಪು ದೊಡ್ಡ ಟೈರಿನೊಂದಿಗೆ ಸಕಲೇಶಪುರದ ಕಡೆ ಕಲ್ಲುಗಳ ನಡುವೆ ತೆವಳುವಾಗ ಗಾಳಿಯೂ ಇಲ್ಲ, ಚಕ್ರಕ್ಕೆ ಬಿಡುವೂ ಇಲ್ಲ. ಟರ್ಬೊ ಇಟ್ಟರಂತೂ ಎಕ್ಸಾಸ್ಟ್ ಪೈಪು ಸ್ಟೀರಿಂಗ್ ಹೋಸಿನ ಪಕ್ಕದಲ್ಲೇ ಕೆಂಡ.

ಹೀಗೆ ಕಾಯುತ್ತಲೇ ಇದ್ದರೆ ಎಣ್ಣೆಯ ಕೆಂಪು ಕಂದಾಗಿ, ಹಳೆಯದಾದ ಎಂಜಿನ್ ಆಯಿಲಿನಂತೆ ಕಪ್ಪಾಗುತ್ತದೆ, ಸೀದ ವಾಸನೆ ಬರುತ್ತದೆ. ತೆಳ್ಳಗಾದ ಎಣ್ಣೆ ಪಂಪಿನ ರೆಕ್ಕೆಗಳನ್ನು ಕಾಪಾಡಲಾರದು. ರಬ್ಬರ್ ಸೀಲುಗಳು ಗಟ್ಟಿಯಾಗಿ ಸ್ಟೀರಿಂಗ್ ರ‍್ಯಾಕಿನಿಂದ ಒಸರು ಶುರುವಾಗುತ್ತದೆ. ಆಮೇಲೆ ಖರ್ಚು ಕೂಲರಿನದಲ್ಲ, ರ‍್ಯಾಕಿನದು.

ಬಿಡಿಭಾಗ ಮಾರುವ ಜೆ.ಸಿ. ರಸ್ತೆಗೆ ಹೋಗಿ ಸಿಕ್ಕಿದ್ದರಲ್ಲಿ ದೊಡ್ಡ ಕೂಲರ್ ತರುವವರನ್ನು ಕಂಡಿದ್ದೇನೆ. ನನಗದು ಒಪ್ಪಿಗೆಯಿಲ್ಲ. ಅದರೊಳಗಿನ ದಾರಿ ಕಿರಿದಾಗಿದ್ದರೆ, ಹೋಸು ಉದ್ದವಾಗಿ ತಿರುಚಿಕೊಂಡಿದ್ದರೆ, ವಾಪಸ್ ಬರುವ ಎಣ್ಣೆಗೆ ತಡೆಯಾಗಿ ಹೊಸ ತಲೆನೋವು. ಘಾಟಿಯಲ್ಲಿ ಓಡಾಡುವ ಕಾರಿಗೆ ಕಂಪನಿಯ ಪೈಪು ಧಾರಾಳ ಸಾಕು. ಆಟೋಕ್ರಾಸು, ಡ್ರಿಫ್ಟು ಅನ್ನುವವರಿಗೆ ಪುಸ್ತಕದಷ್ಟಗಲದ, ರೆಕ್ಕೆಗಳಿರುವ ಚಿಕ್ಕ ಕೂಲರ್. ಯಾವುದೇ ಆದರೂ ರ‍್ಯಾಕಿನಿಂದ ಡಬ್ಬಿಗೆ ಮರಳುವ ದಾರಿಯಲ್ಲೇ ಇರಬೇಕು. 100 ಬಾರ್ ಹೋಗುವ ಪ್ರೆಷರ್ ಹೋಸಿಗೆ ಸೇರಿಸಿದರೆ ಕೂಲರ್ ಒಡೆಯುತ್ತದೆ. ಹೋಸೂ ಬಿಸಿ ಎಣ್ಣೆ ತಡೆಯುವಂಥದ್ದೇ ಆಗಲಿ, ರೇಡಿಯೇಟರಿನ ನೀರಿನ ಹೋಸು ಎಣ್ಣೆ ತಾಗಿದರೆ ಉಬ್ಬುತ್ತದೆ.

ಎಣ್ಣೆಯ ವಿಷಯದಲ್ಲಿ ನಾನು ಕಟ್ಟಾ ಮಡಿವಂತ. ಕೆಲವು ಕಾರಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪು ಎಟಿಎಫ್ ಆಗುತ್ತದೆ, ಕೆಲವಕ್ಕೆ ಹಸಿರು ಸಿಂಥೆಟಿಕ್, ಹೋಂಡಾಗೆ ಅದರದೇ ಎಣ್ಣೆ. ಮುಚ್ಚಳದ ಮೇಲೆ ಬರೆದದ್ದನ್ನು ಓದಿ ಸುರಿಯಿರಿ. ಹೊಸದು ತುಂಬಿದ ಮೇಲೆ ಮುಂದಿನ ಚಕ್ರಗಳನ್ನು ಜಾಕ್ ಮೇಲೆತ್ತಿ, ಎಂಜಿನ್ ಆಫ್ ಇರುವಾಗಲೇ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಹತ್ತಿಪ್ಪತ್ತು ಸಲ ತಿರುಗಿಸಿ. ಗಾಳಿ ಗುಳ್ಳೆಗಳಾಗಿ ಡಬ್ಬಿಗೆ ಬಂದು ಹೋಗುತ್ತದೆ. ಗಾಳಿ ಉಳಿದರೆ ಯಾವ ಕೂಲರ್ ಹಾಕಿಯೂ ಆ ಊಳು ನಿಲ್ಲದು.

ಇನ್ನು ಕೈಯದೊಂದು ಅಭ್ಯಾಸ. ಪಾರ್ಕಿಂಗಿನಲ್ಲಾಗಲಿ ಟ್ರ್ಯಾಕಿನಲ್ಲಾಗಲಿ, ಫುಲ್ ಕಟ್ ಆದೊಡನೆ ಒಂದು ಬೆರಳಿನಷ್ಟು ಹಿಂದಕ್ಕೆ ಬಿಟ್ಟುಕೊಡಿ. ರಿಲೀಫ್ ವಾಲ್ವ್ ಮುಚ್ಚುತ್ತದೆ, ಕಾಯಿಲ್ ಆಫ್ ಆಗುತ್ತದೆ. ಈಗಿನ ಹೆಚ್ಚಿನ ಹೊಸ ಕಾರುಗಳಲ್ಲಿ ಎಣ್ಣೆಯ ಬದಲು ಕರೆಂಟಿನ ಮೋಟರ್ ಇದೆ, ನಿಜ. ಅದನ್ನೂ ಹೀಗೇ ಗೋಳುಹೊಯ್ದುಕೊಂಡರೆ ಬಿಸಿಯಾಗಿ, ಸಹಾಯ ಕಡಿಮೆ ಮಾಡಿ ಸ್ಟೀರಿಂಗನ್ನು ಭಾರವಾಗಿಸುತ್ತದೆ.

ನನ್ನ ಪೈಪಿಗಾಗಿ ಶಿವಾಜಿನಗರದ ಗುಜರಿಯಲ್ಲಿ ಎರಡು ಭಾನುವಾರ ಅಲೆದೆ. ಅದೇ ಮಾಡೆಲ್ಲಿನ ಒಂದು ಕಾರು ಬಿಚ್ಚಿಹಾಕಿದ್ದರು. ಬಂಪರು, ಹೆಡ್‌ಲೈಟು, ರ‍್ಯಾಕು ಎಲ್ಲಕ್ಕೂ ರೇಟು ಗೊತ್ತಿತ್ತು ಅಂಗಡಿಯವರಿಗೆ. ಆ ಬಾಗಿದ ಪೈಪನ್ನು ಎತ್ತಿ ಹಿಂದೆಮುಂದೆ ನೋಡಿ, ಏನು ಹೇಳಬೇಕೋ ತೋಚದೆ, ತಕ್ಕಡಿಗೆ ಹಾಕಿದರು.